ಹಾಳೆಯ ಕೊನೆಗೆ ಸೇರಿದ ಸಾಲು

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರು ಡಿಟಿಪಿ ಅಂಗಡಿ ಇಟ್ಟಿದ್ದ ಒಬ್ಬರು ಕುರಿಗಾರರಿಗೆಂದೇ ಒಂದು ಸಾಫ್ಟ್‌ವೇರ್ ಬರೆದಿದ್ದರು. ಯಾವ ಕುರಿ ಯಾವಾಗ ಮರಿ ಹಾಕಿತು, ಯಾವುದಕ್ಕೆ ಲಸಿಕೆ ಆಗಿದೆ ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬಹುದಿತ್ತು. ಕೇಳಿದವರಿಗೆ ಪುಕ್ಕಟೆ ಕೊಡುತ್ತಿದ್ದರು. ಆದರೆ ಮೊದಲು ಗೋಡೆಗೆ ಅಂಟಿಸಿದ ಷರತ್ತಿನ ಹಾಳೆ ತೋರಿಸಿ, “ಓದ್ರಿ, ಆಮ್ಯಾಲೆ ಒಯ್ರಿ” ಎನ್ನುತ್ತಿದ್ದರು. ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನು ಮುಚ್ಚಿಡಬಾರದು. ಅಷ್ಟೇ ಇತ್ತು.

ಒಂದು ದಿನ ನಾನು ಆ ಅಂಗಡಿಯಲ್ಲಿದ್ದಾಗ ಬಾಗಳಿ ಕಡೆಯ ಕುರಿಗಾರ ಅಜ್ಜಿಯೊಬ್ಬಳು ಬಂದಳು. ಔಷಧಿ ಅಂಗಡಿಯವನೊಬ್ಬ ಇದೇ ಸಾಫ್ಟ್‌ವೇರಿನಲ್ಲಿ ಅವಳ ಕುರಿಗಳ ವಿವರ ಬರೆದಿಟ್ಟುಕೊಂಡಿದ್ದ. ಅವಳು ಬೇರೆ ಅಂಗಡಿಯಲ್ಲಿ ಔಷಧಿ ಕೊಳ್ಳತೊಡಗಿದ್ದೇ, ಆ ವಿವರ ಕೊಡುವುದಿಲ್ಲ ಎಂದಿದ್ದ. ಡಿಟಿಪಿ ಅಂಗಡಿಯವರು ಗೋಡೆಯ ಮೇಲಿನ ಷರತ್ತುಗಳನ್ನು ಅವಳಿಗೆ ಓದಿ ಹೇಳಿದರು.

ಪೂರ್ತಿ ಕೇಳಿ ಅಜ್ಜಿ ಅಂದಳು: “ಇದ್ರಾಗ ನಾನೆಲ್ಲಿ ಅದೀನಪ್ಪ?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕುಳಿತರು. “ತಿದ್ದೋರನ್ನ ಅಷ್ಟ ನೆನಸಿ ಬರದಿದ್ದೆ, ಅವ್ವಾ. ತಪ್ಪು ನಂದೈತಿ.” ಪೆನ್ನು ತೆಗೆದು, ಹಾಳೆಯ ಕೆಳಗೆ ಸಾಫ್ಟ್‌ವೇರಿನ ಮುಂದಿನ ಪ್ರತಿಗೆಂದು ಒಂದು ಸಾಲು ಸೇರಿಸಿದರು: ಯಾರ ಕುರಿಗಳ ವಿವರ ಇದರಲ್ಲಿದೆಯೋ, ಅವರು ಕೇಳಿದಾಗ ಅದು ಅವರ ಕೈಗೆ ಸಿಗಬೇಕು. ಔಷಧಿ ಅಂಗಡಿಯವನ ಹಳೆಯ ಪ್ರತಿಗೆ ಅದು ಅನ್ವಯಿಸುತ್ತಿರಲಿಲ್ಲ; ಹಾಗಾಗಿ ಅಜ್ಜಿ ಕುರಿಗಳ ವಿವರವನ್ನು ನೆನಪಿನಿಂದ ಹೇಳುತ್ತ ಹೋದಳು. ಅವರು ಒಂದೊಂದೇ ಕುರಿಯನ್ನು ಮತ್ತೆ ಟೈಪ್ ಮಾಡಿದರು.

ಆ ಅಂಗಡಿ ಈಗಿಲ್ಲ. ಫೋನಿನಲ್ಲಿ ‘ಒಪ್ಪುತ್ತೇನೆ’ ಒತ್ತುವ ಮೊದಲು ನಾನು ಮಾತ್ರ ಅಲ್ಲಿ ಬರುವ ಉದ್ದದ ಷರತ್ತುಗಳನ್ನು ಇಂದಿಗೂ ಓದುತ್ತೇನೆ, ಅವುಗಳಲ್ಲಿ ಆ ಅಜ್ಜಿ ಎಲ್ಲಾದರೂ ಇದ್ದಾಳೆಯೇ ಎಂದು.