ನಾಲ್ಕು ಯು ಎತ್ತರದ ಹಠ

ಚನ್ನಪಟ್ಟಣದ ಸುತ್ತಮುತ್ತ ಇತ್ತೀಚೆಗೆ ನಡೆದ ಅರ್ಧದಷ್ಟು ಮದುವೆಗಳು ನಮ್ಮ ಮನೆಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಮೊದಲೆಲ್ಲ ಇದನ್ನು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಈಗೀಗ ದನಿ ತಗ್ಗಿಸಿ ಹೇಳುತ್ತೇನೆ.

ನಾನು ಮದುವೆ ಫೋಟೋಗ್ರಾಫರ್. ಮನೆ ಬೈರಾಪಟ್ಟಣದಲ್ಲಿ, ಸ್ಟುಡಿಯೋ ಚನ್ನಪಟ್ಟಣದ ಪೇಟೆಯಲ್ಲಿ. ಫಿಲಂ ಕಾಲ ಮುಗಿದ ಮೇಲೆ ತೆಗೆದದ್ದನ್ನೆಲ್ಲ ಹಾರ್ಡ್ ಡಿಸ್ಕುಗಳಿಗೆ ತುಂಬಿದೆ, ಡಿಸ್ಕುಗಳನ್ನು ಡಬ್ಬಿಗೆ ತುಂಬಿದೆ, ಡಬ್ಬಿಯನ್ನು ಬೀರುವಿನ ಮೇಲಿಟ್ಟು ಮರೆತೆ. ಊರಿನ ಜನ ನನ್ನನ್ನು ಮರೆಯಲಿಲ್ಲ. ನಗುನಗುತ್ತ ಆಲ್ಬಂ ತೆಗೆದುಕೊಂಡು ಹೋದವರು ಮತ್ತೆ ನನ್ನ ಬಾಗಿಲಿಗೆ ಬರುವುದು ಮನೆಯಲ್ಲಿ ಒಬ್ಬರು ತೀರಿಕೊಂಡಾಗ. ಹನ್ನೊಂದನೇ ದಿನದ ಕಾರ್ಯಕ್ಕೆ ಫ್ಲೆಕ್ಸ್ ಆಗಬೇಕು, ಗೋಡೆಗೊಂದು ಫೋಟೋ ಆಗಬೇಕು. ಮನೆಯಲ್ಲಿ ಹುಡುಕಿದರೆ ಯಜಮಾನರದು ಒಂದೂ ಒಳ್ಳೆಯ ಫೋಟೋ ಇರುವುದಿಲ್ಲ. ನಾನು ಡಬ್ಬಿ ತೆಗೆಯುತ್ತೇನೆ. ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವವನನ್ನೇ ನೋಡುತ್ತ ಕುಳಿತ ಅವರ ಮುಖ ಸಿಗುತ್ತದೆ. ಎಲೆ ಅಳಿಸಿ, ಪಾಯಸ ಅಳಿಸಿ, ಹಿಂದೆ ಒಂದಿಷ್ಟು ಮೋಡ ಹಾಕಿಕೊಟ್ಟರೆ ಪಾಯಸದ ಆಸೆ ಹೋಗಿ ಸ್ವರ್ಗದ ಕಳೆ ಬಂದುಬಿಡುತ್ತದೆ. ಮನೆಯವರು ಕಣ್ಣೊರೆಸಿಕೊಂಡು, ಎಷ್ಟು ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ಖಲೀಲ್ ಬಂದದ್ದೂ ಹಾಗೆಯೇ. ಅವನು ರಾಮನಗರದ ರೀಲರು. ಗೂಡು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ರೇಷ್ಮೆ ನೂಲು ತೆಗೆಯುವವನು. ನನ್ನ ಹೆಂಡತಿ ಸುಜಾತ ಹುಳ ಸಾಕುತ್ತಾಳೆ. ಅವಳ ಗೂಡನ್ನು ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೂಗಿಯೇ ಅವನು ನಮಗೆ ಸ್ನೇಹಿತನಾದದ್ದು. ಈ ವರ್ಷ ರಂಜಾನ್ ಕಳೆದ ಮೇಲೆ ಅವನ ತಾಯಿ ತೀರಿಕೊಂಡರು. ಆಮೇಲೆ ಒಂದು ದಿನ ಸ್ಟುಡಿಯೋಗೆ ಬಂದು ಕುಳಿತ.

"ಅಣ್ಣಾ, ನಮ್ಮಮ್ಮ ಫೋಟೋ ಅಂದ್ರೆ ಓಡೋಗೋಳು. ಇರೋದು ಆಧಾರ್ ಕಾರ್ಡಲ್ಲಿ ಒಂದೇ. ಅದ್ರಲ್ಲಿ ಯಾರ್ ಮೇಲೋ ಸಿಟ್ಟಾಗಿರೋ ಥರ ಅವ್ಳೆ. ನಮ್ ಹುಡುಗಿ ನಿಕಾಹ್ದಾಗೆ ನೀವು ವಿಡಿಯೋ ತಗ್ದಿದ್ರಲ್ಲ, ಅದ್ರಾಗೆ ಎಲ್ಲಾದ್ರೂ ಸಿಕ್ಕವ್ಳಾ ಒಸಿ ನೋಡಿ."

ನೋಡೋಣ ಬಾ ಎಂದು ಮನೆಗೆ ಕರೆದುಕೊಂಡು ಹೋಗಿ, ಡಬ್ಬಿ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದೆ. ಟಕ್ ಎಂದಿತು. ಸ್ವಲ್ಪ ಸುಮ್ಮನಿದ್ದು ಮತ್ತೆ ಟಕ್, ಟಕ್ ಎಂದಿತು. ಈ ಕಸುಬಿನಲ್ಲಿರುವವರಿಗೆ ಆ ಶಬ್ದ ಗೊತ್ತು. ಡಿಸ್ಕಿಗೆ ಕೊನೆಗಾಲ ಬಂದಿದೆ ಎಂದರ್ಥ. ಗಾಬರಿಯಿಂದ ವೈರು ಕಿತ್ತೆ. ಇನ್ನೊಂದು ಸಲ ಹಾಕಿದರೆ ನಡೆದರೂ ನಡೆಯಬಹುದು, ಅಲ್ಲಿಗೇ ನಿಂತರೂ ನಿಲ್ಲಬಹುದು. ಆ ಒಂದೇ ಒಂದು ಸಲದಲ್ಲಿ ಎಲ್ಲವನ್ನೂ ಬೇರೆ ಕಡೆಗೆ ಇಳಿಸಿಕೊಳ್ಳಬೇಕು. ಡಬ್ಬಿಯ ಬೇರೊಂದು ಡಿಸ್ಕಿಗೆ ಹಾಕೋಣವೆಂದರೆ ಅವೂ ಇದರ ಓರಗೆಯವೇ, ಒಂದಾದ ಮೇಲೊಂದು ಮಲಗುವಂಥವು. ಖಲೀಲನಿಗೆ ಇದನ್ನೆಲ್ಲ ಹೇಳಿ, "ಇದಕ್ಕೊಂದು ಸರಿಯಾದ ಮನೆ ಮಾಡದೆ ನಾನು ಇನ್ನು ಮುಟ್ಟೋದಿಲ್ಲ. ಮಾಡೇ ಮಾಡ್ತೀನಿ" ಎಂದೆ. ಹಠ ಹುಟ್ಟಿದ್ದು ಅಲ್ಲಿ.

ಸರಿಯಾದ ಮನೆ ಎಂದರೆ ಹೋಂ ಸರ್ವರು. ಹೆಸರು ದೊಡ್ಡದು, ಸಂಗತಿ ಸಣ್ಣದು. ಹಗಲೂ ರಾತ್ರಿ ಎಚ್ಚರವಾಗಿರುವ ಒಂದು ಕಂಪ್ಯೂಟರು, ಅದರೊಳಗೆ ಸಾಲಾಗಿ ಡಿಸ್ಕುಗಳು. ಪ್ರತಿಯೊಂದನ್ನೂ ಎರಡೆರಡು ಕಡೆ ಬರೆದಿಟ್ಟುಕೊಳ್ಳುತ್ತದೆ, ಒಂದು ಸತ್ತರೆ ಇನ್ನೊಂದು ಇರುತ್ತದೆ. ಎಡಿಟಿಂಗಿಗೆಂದು ಕೊಂಡಿದ್ದ ಹಳೆಯ ಕಂಪ್ಯೂಟರಿನ ಒಳಾಂಗಗಳು ಇದ್ದವು, ಹೊಸ ಡಿಸ್ಕುಗಳನ್ನು ತಂದೆ. ಉಳಿದದ್ದು ಅವನ್ನು ಕೂರಿಸುವ ಪೆಟ್ಟಿಗೆಯೊಂದೇ. ಪೆಟ್ಟಿಗೆ ತಾನೇ, ಒಂದು ಸಂಜೆಯ ಕೆಲಸ ಎಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ!

ಪೆಟ್ಟಿಗೆ ನೆಲದ ಮೇಲಿರಕೂಡದು, ಇದು ಮೊದಲನೇ ತೀರ್ಮಾನ. ಸುಜಾತ ಮನೆ ಒರೆಸುವವಳಲ್ಲ, ತೊಳೆಯುವವಳು. ಬಕೆಟ್ಟುಗಟ್ಟಲೆ ನೀರು ಸುರಿದು, ಕಡ್ಡಿಪೊರಕೆಯಿಂದ ಬಾಗಿಲಾಚೆಗೆ ಓಡಿಸುತ್ತಾಳೆ. ಆದ್ದರಿಂದ ಗೋಡೆಯ ಪಕ್ಕ ಒಂದು ಚೌಕಟ್ಟು ನಿಲ್ಲಿಸಿ, ಅದರೊಳಗೆ ಡ್ರಾಯರಿನ ಹಾಗೆ ಚಪ್ಪಟೆಯಾಗಿ ಕೂರುವ ರ‍್ಯಾಕ್ ಮೌಂಟ್ ಪೆಟ್ಟಿಗೆಯೇ ಆಗಬೇಕು. ಈ ಪೆಟ್ಟಿಗೆಗಳಿಗೆ ಒಂದು ಜಾತಕವಿದೆ. ಅಗಲ ಎಲ್ಲಕ್ಕೂ ಹತ್ತೊಂಬತ್ತು ಇಂಚು. ಜಗತ್ತಿನ ಯಾವ ಮೂಲೆಗೆ ಹೋದರೂ ಅದೇ. ಎತ್ತರವನ್ನು ಮಾತ್ರ ಇಂಚಿನಲ್ಲಿ ಹೇಳುವುದಿಲ್ಲ, 'ಯು' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಯು ಎಂದರೆ ಒಂದೂಮುಕ್ಕಾಲು ಇಂಚು. ಮೊಳ, ಗೇಣು, ಸೇರು, ಕೊಳಗ ಎಲ್ಲವನ್ನೂ ಬಿಟ್ಟು ನಾವು ಸುಧಾರಿಸಿದೆವು ಎಂದುಕೊಂಡಿದ್ದೆ. ಕಂಪ್ಯೂಟರಿನವರು ಹಿತ್ತಲ ಬಾಗಿಲಿನಿಂದ ಇನ್ನೊಂದು ಕೊಳಗವನ್ನು ತಂದಿದ್ದಾರೆ.

ಎರಡು ಯು ಪೆಟ್ಟಿಗೆ ನೋಡಲು ಲಕ್ಷಣವಾಗಿದೆ. ಆದರೆ ಅಷ್ಟು ಗಿಡ್ಡ ಪೆಟ್ಟಿಗೆಗೆ ಸಣ್ಣ ಫ್ಯಾನೇ ಹಿಡಿಸುವುದು, ಸಣ್ಣ ಫ್ಯಾನು ಗಾಳಿ ಸಾಲದೆ ಜೋರಾಗಿ ತಿರುಗಿ ಕಿರುಚುತ್ತದೆ. ನಾಲ್ಕು ಯು ಪೆಟ್ಟಿಗೆಗೆ ದೊಡ್ಡ ಫ್ಯಾನು, ನಿಧಾನದ ತಿರುಗಾಟ, ತಣ್ಣನೆಯ ಸ್ವಭಾವ. ಸರಿ, ನಾಲ್ಕು ಯು ಎಂದುಕೊಂಡರೆ ಅದರ ಆಳ ನಮ್ಮ ದೇವರ ಗೂಡಿನ ಎರಡರಷ್ಟು. ಆಳ ಕಡಿಮೆಯಿದ್ದುದಕ್ಕೆ ಡಿಸ್ಕಿನ ಜಾಗ ಕಡಿಮೆ. ಎರಡೂ ಸರಿಯಿದ್ದುದಕ್ಕೆ ಮುಂದುಗಡೆ ಧೂಳು ತಡೆಯುವ ಜಾಲರಿ ಇಲ್ಲ. ಎಲ್ಲವೂ ಇದ್ದುದು ಸ್ಟಾಕಿನಲ್ಲಿಲ್ಲ. ಫೋನಿನಲ್ಲಿ ವಿಡಿಯೋಗಳ ಮೇಲೆ ವಿಡಿಯೋ ನೋಡಿದೆ. ಯಾವುದೋ ದೇಶದ ಗಡ್ಡದವರು ಪೆಟ್ಟಿಗೆಯ ಮೈ ತಟ್ಟಿ ತಟ್ಟಿ, ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ಗತ್ತಿನಲ್ಲಿ ಮಾತಾಡುತ್ತಾರೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಾನೆ. ಬೆಂಗಳೂರಿನ ಎಸ್.ಪಿ. ರಸ್ತೆಗೂ ಹೋಗಿ ಬಂದೆ. ಅಂಗಡಿಯವನು ನಾನು ಕೇಳಿದ ಪ್ರಶ್ನೆಗಳಿಂದ ಸುಸ್ತಾಗಿ, ಟೀ ತರಿಸಿಕೊಟ್ಟು ಕಳಿಸಿದ.

ಖಲೀಲ್ ಆಗಾಗ ಫೋನು ಮಾಡಿ, "ಡಬ್ಬ ಬಂತಾ ಅಣ್ಣಾ?" ಎನ್ನುತ್ತಿದ್ದ. ಅವಸರವೇನಿಲ್ಲ ಎಂದು ತಾನೇ ಸೇರಿಸುತ್ತಿದ್ದ. ಆ ಅವಸರವಿಲ್ಲದ ದನಿ ನನ್ನನ್ನು ಚುಚ್ಚುತ್ತಿತ್ತು. ಆದರೂ ಸಿಕ್ಕಿದ ಪೆಟ್ಟಿಗೆಯಲ್ಲಿ ತುರುಕಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಮತ್ತೆ ಬಿಸ್ಕತ್ತಿನ ಡಬ್ಬಿ ಮಾಡುವುದಾದರೆ ಇಷ್ಟೆಲ್ಲ ಯಾಕೆ?

ಒಂದೊಂದು ಸಲ ಹೆಂಡತಿಯ ಹುಳಗಳನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ಹಣ್ಣಾದ ಹುಳವನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅದು ಯಾರ ವಿಡಿಯೋವನ್ನೂ ನೋಡದೆ ತನ್ನ ಪೆಟ್ಟಿಗೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ತನ್ನ ಮೈಯಷ್ಟೇ ಅಳತೆ, ಒಂದು ಮೊಳೆಯಿಲ್ಲ, ಗಾಳಿಯಾಡುತ್ತದೆ, ಫ್ಯಾನಿನ ಸದ್ದಿಲ್ಲ. ಅಂಥ ಪೆಟ್ಟಿಗೆಯನ್ನು ಬಿಚ್ಚುವುದೇ ಕಸುಬಾದ ಖಲೀಲನಿಗಾಗಿ ನಾನು ಪೆಟ್ಟಿಗೆ ಹುಡುಕುತ್ತಿದ್ದೇನಲ್ಲ ಎಂದು ನಗುವೂ ಬರುತ್ತಿತ್ತು.

ಕೊನೆಗೂ ಪೆಟ್ಟಿಗೆ ಬಂತು. ನಾಲ್ಕು ಯು, ಆಳ ಕಡಿಮೆ, ಮುಂದೆ ಪೂರ್ತಿ ಜಾಲರಿ, ಎಂಟು ಡಿಸ್ಕಿಗೆ ಜಾಗ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ತಗಡು ಬಗ್ಗಿಸುವ ನನ್ನ ಬಾಮೈದ ಶಿವಣ್ಣ ಅದನ್ನು ನೋಡಿ, "ಇದೇನ್ ಭಾವ, ಒಳ್ಳೆ ಇಡ್ಲಿ ತಟ್ಟೆ ಥರ ತೂತು ಮಡಗವ್ರೆ! ನಂಗೆ ಹೇಳಿದ್ರೆ ಗಟ್ಟಿ ತಗಡಲ್ಲಿ ನಾನೇ ಬಗ್ಗಿಸ್ಕೊಡ್ತಿದ್ನಲ್ಲ" ಎಂದ. ತೂತಿಲ್ಲದ ಅವನ ಪೆಟ್ಟಿಗೆಯಲ್ಲಿ ಡಿಸ್ಕುಗಳು ಬೆಂದು ಇಡ್ಲಿಯೇ ಆಗುತ್ತಿದ್ದವು. ಅದನ್ನು ಹೇಳದೆ, ಮೂಲೆಯಲ್ಲಿದ್ದ ಹುಳದ ಹಳೆಯ ಸ್ಟ್ಯಾಂಡೊಂದನ್ನು ಅವನ ಕೈಯಲ್ಲಿ ಹತ್ತೊಂಬತ್ತು ಇಂಚಿಗೆ ಕತ್ತರಿಸಿ, ಬೋಲ್ಟು ಬಿಗಿಸಿ, ಚೌಕಟ್ಟು ಮಾಡಿಸಿಕೊಂಡೆ.

ಜಾಗವನ್ನೂ ಮನಸ್ಸಿನಲ್ಲೇ ಗೊತ್ತುಮಾಡಿದ್ದೆ. ನಮ್ಮಲ್ಲಿ ಮನುಷ್ಯರು ಇರುವ ಮನೆಗಿಂತ ಹುಳದ ಮನೆ ಚೆನ್ನಾಗಿರುತ್ತದೆ. ತಂಪು, ಗಾಳಿ, ಸೊಳ್ಳೆಪರದೆ, ನೊಣಕ್ಕೂ ಪ್ರವೇಶವಿಲ್ಲ. ಕೈಕಾಲು ತೊಳೆದೇ ಒಳಗೆ ಹೋಗಬೇಕು; ಊದುಬತ್ತಿ ಹಚ್ಚುವಂತಿಲ್ಲ, ಸೆಂಟು ಹಾಕಿಕೊಂಡವರು ಬಾಗಿಲಲ್ಲೇ ನಿಲ್ಲಬೇಕು. ಸರ್ವರಿಗೆ ಇದಕ್ಕಿಂತ ಒಳ್ಳೆಯ ಕೋಣೆ ಅಮೆರಿಕದಲ್ಲೂ ಇರಲಾರದು. ಆಗ ಒಂದು ಬೆಳೆ ಮುಗಿದು ಮನೆ ಖಾಲಿಯಿತ್ತು. ಸುಜಾತ ತವರಿಗೆ ಹೋಗಿದ್ದಾಗ ಪೆಟ್ಟಿಗೆಯನ್ನು ಅಲ್ಲಿಯೇ ಪ್ರತಿಷ್ಠಾಪಿಸಿ, ಸಾಧಿಸಿದೆ ಎಂದು ಬೀಗಿದೆ.

ತವರಿನಿಂದ ಬಂದವಳು ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಪೆಟ್ಟಿಗೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹುಳ ಜ್ವರಕ್ಕೆ ಕೂತಾಗ ಸುಣ್ಣ ಉದುರಿಸ್ತೀನಲ್ಲ, ಆವಾಗ ನಿಮ್ ಪೆಟ್ಟಿಗೆ ಮೂಗ್ ಮುಚ್ಕಂತದಾ?"

ಹುಳ ಪೊರೆ ಬಿಡುವ ಹೊತ್ತನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ತಟ್ಟೆಯ ಮೇಲೆಲ್ಲ ಸುಣ್ಣದ ಪುಡಿ ಉದುರಿಸಬೇಕು, ಮನೆ ತುಂಬ ಬಿಳಿಯ ಧೂಳು ಏಳುತ್ತದೆ. ಬೆಳೆ ಹಾಕುವ ಮುಂಚೆ ಗೋಡೆ ನೆಲಕ್ಕೆಲ್ಲ ಕಣ್ಣುರಿಯುವ ಔಷಧಿ ಹೊಡೆಯಬೇಕು. ಹುಟ್ಟಿದಾಗಿನಿಂದ ನೋಡಿದ ಸಂಗತಿ. ನಾನು ಆರಿಸಿ ಆರಿಸಿ ತಂದ ಪೆಟ್ಟಿಗೆಯ ದೊಡ್ಡ ಗುಣವೇ ಗಾಳಿಯನ್ನು ಚೆನ್ನಾಗಿ ಒಳಕ್ಕೆ ಎಳೆದುಕೊಳ್ಳುವುದು. ಖಾಲಿ ಮನೆಯ ಚೆಂದ ನೋಡಿ ಬೆಳೆಯನ್ನೇ ಮರೆತಿದ್ದೆ.

"ಒಂದೇ ಒಂದು ಬೆಳೆ ನೋಡೋಣ..." ಎಂದೆ.

"ಬಿಸಿಗಾಳಿ ಬುಟ್ಕಂಡು ಇದು ಇಲ್ ಕೂತ್ರೆ ನನ್ ಹುಳ ಹೊರಗ್ ಮಲಗ್ಬೇಕಾ? ಎತ್ತಿ ಮೊದ್ಲು."

ಎತ್ತಿದೆ. ಆದರೆ ಹಠ ಬಿಡಲಿಲ್ಲ. ಹುಳದ ಮನೆಗೂ ಅಡುಗೆಮನೆಗೂ ನಡುವೆ ಒಂದು ಓಣಿಯಿದೆ, ಬಿಸಿಲು ಬೀಳದ್ದು. ಅಲ್ಲಿ ಚೌಕಟ್ಟು ನಿಲ್ಲಿಸಿದೆ. ಮಾರನೆಯ ದಿನ ನೋಡಿದರೆ ಅದರ ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು! ಕರೆಂಟಿನ ಸಾಮಾನಿನ ಕೆಳಗೆ ಯಾರಾದರೂ ನೀರಿಡುತ್ತಾರೆಯೇ ಎಂದು ಕೂಗಾಡಿದೆ. ಸುಜಾತ ಸೊಪ್ಪು ಹೆಚ್ಚುತ್ತಲೇ, "ಹುಳದ ಸ್ಟ್ಯಾಂಡು ಅಂದ್ಮೇಲೆ ಕಾಲಿಗೆ ನೀರು ಮಡಗ್ದೆ ಇರಕಾಯ್ತದಾ? ಇರುವೆ ನಿಮ್ ಪೆಟ್ಟಿಗೆ ಅಂತ ದೂರ ಹೋಯ್ತವಾ?" ಎಂದಳು. ಯಾವ ಗಡ್ಡದವನೂ ಇರುವೆಯ ಮಾತೆತ್ತಿರಲಿಲ್ಲ. ಸಂಜೆ ಒಂದು ಸಾಲು ಇರುವೆ ಚೌಕಟ್ಟಿನ ಬುಡಕ್ಕೆ ಬಂದು, ಬಟ್ಟಲನ್ನು ಸುತ್ತಿ, ಬಂದ ದಾರಿಯಲ್ಲಿ ತಿರುಗಿತು. ನಾನು ವೈರುಗಳನ್ನೆಲ್ಲ ಮೇಲಿನಿಂದ ಎಳೆದು ಗೋಡೆಗೆ ಬಿಗಿದೆ. ಬಟ್ಟಲು ಉಳಿದವು.

ಆಮೇಲೆ ಖಲೀಲನಿಗೆ ಫೋನು ಮಾಡಿದೆ. ರೀಲಿಂಗ್ ನಿಲ್ಲಿಸಿ ಬಂದ. ಬೆಳಗ್ಗೆ ತಿಂಡಿ ಮುಗಿಸಿ, ಕೈ ತೊಳೆದು, ಆ ಡಿಸ್ಕನ್ನು ಹೊಸ ಪೆಟ್ಟಿಗೆಗೆ ಚುಚ್ಚಿದೆ. ಟಕ್ ಎಂದಿತು. ಮತ್ತೆ ಟಕ್ ಎಂದು, ಏನೋ ಯೋಚಿಸಿದ ಹಾಗೆ ನಿಂತು, ಗುಂಯ್ ಎಂದು ತಿರುಗಲು ಶುರುಮಾಡಿತು. ಪರದೆಯ ಮೇಲೆ ಹಸಿರು ಗೆರೆ ಇಂಚಿಂಚೇ ಬೆಳೆಯಿತು, ನಡುವೆ ನಿಂತಿತು, ಮತ್ತೆ ಬೆಳೆಯಿತು. ಖಲೀಲ್ ಟೀ ಕುಡಿಯಲಿಲ್ಲ. ಊಟದ ಹೊತ್ತು ಮೀರಿ ಗೆರೆ ತುದಿ ಮುಟ್ಟಿತು. ಸ್ವಲ್ಪ ಹೊತ್ತಿಗೆ ಹಳೆಯ ಡಿಸ್ಕು ಟಕ್ಕೆಂದು ನಿಂತದ್ದು, ಮತ್ತೆ ಏಳಲಿಲ್ಲ.

ವಿಡಿಯೋ ತೆರೆದೆವು. ಹೂವು, ಬಿರಿಯಾನಿ, ನೆಂಟರು. ಹೆಣ್ಣುಮಕ್ಕಳ ಸಾಲಿನ ಕೊನೆಯಲ್ಲಿ ಅವರು ಕುಳಿತಿದ್ದರು. ಕ್ಯಾಮೆರಾ ಅತ್ತ ತಿರುಗಿದ್ದೇ ತಡ, ಅಂಗೈ ಎತ್ತಿ ಅಡ್ಡ ಹಿಡಿದರು. ಇನ್ನೊಂದು ಕಡೆಯಿಂದ ಹೋದೆ, ಅಲ್ಲಿಯೂ ಅಂಗೈ. ಊಟದ ಕಡೆಯೂ ಅಂಗೈ. ಕಡೆಯವರೆಗೂ ಹುಡುಕಿದೆವು, ಒಂದೇ ಒಂದು ಸಲವೂ ಮುಖ ಸಿಗಲಿಲ್ಲ. ನನಗೆ ನಾಚಿಕೆಯಾಗಿ ಅಳುವೇ ಬಂತು. ಇಷ್ಟು ದಿನ ಕಾಯಿಸಿ, ಇಷ್ಟು ಜಾಲರಿ ಫ್ಯಾನು ನೋಡಿ, ಕೊನೆಗೆ ಅವನಿಗೆ ಕೊಟ್ಟದ್ದು ಒಂದು ಕೈ.

"ಸಿಗಲಿಲ್ಲವಲ್ಲ ಖಲೀಲ್" ಎಂದೆ.

ಅವನು ಪರದೆಯ ಹತ್ತಿರ ಬಗ್ಗಿದ್ದ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ನೂಲಿನ ಎಳೆ ಹುಡುಕಿ ಹುಡುಕಿ, ಬೆರಳ ತುದಿಯೆಲ್ಲ ಬೆಳ್ಳಗೆ ಸುಲಿದು ಸೀಳಿದ್ದ ಅವನ ತಾಯಿಯ ಕೈ ಅದು. ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಬಂದಿತ್ತಲ್ಲ, ಒಂದೊಂದು ಗೆರೆಯೂ ಕಾಣುತ್ತಿತ್ತು.

"ಮುಖ ಆಧಾರ್ ಕಾರ್ಡಲ್ಲಾದ್ರೂ ಐತಣ್ಣ. ಈ ಕೈ ಇನ್ನೆಲ್ಲೈತೆ?" ಎಂದ. ಕಣ್ಣೊರೆಸಿಕೊಂಡು, "ಇದ್ನೇ ಮಾಡ್ಕೊಡಿ. ಮೋಡಗೀಡ ಹಾಕ್ಬ್ಯಾಡಿ" ಎಂದ.

ಮಾಡಿಕೊಟ್ಟೆ. ನನ್ನ ಕಸುಬಿನಲ್ಲಿ ಅಡ್ಡ ಬಂದ ಕೈ ಎಂದರೆ ಅಳಿಸಬೇಕಾದ ಫೋಟೋ. ಎಷ್ಟು ಕೈಗಳನ್ನು ಹಾಗೆ ಅಳಿಸಿದ್ದೇನೋ, ಲೆಕ್ಕವಿಟ್ಟಿಲ್ಲ. ಈಗ ಅಳಿಸುವುದಿಲ್ಲ. ಕಣ್ಣು ಮುಚ್ಚಿದವರು, ಆಕಳಿಸಿದವರು, ಬೆನ್ನು ತಿರುಗಿಸಿದವರು ಎಲ್ಲರನ್ನೂ ಇಟ್ಟುಕೊಳ್ಳುತ್ತಿದ್ದೇನೆ. ಹೀಗಾದರೆ ಎಂಟು ಡಿಸ್ಕಿನ ಪೆಟ್ಟಿಗೆ ಬೇಗ ತುಂಬುತ್ತದೆ, ಚೌಕಟ್ಟಿನಲ್ಲಿ ಇನ್ನೊಂದಕ್ಕೆ ಜಾಗವೂ ಇದೆ. ಗಡ್ಡದವರನ್ನು ಮತ್ತೆ ನೋಡಲು ಶುರುಮಾಡಿದ್ದೇನೆ.

ಮೊನ್ನೆ ಸುಜಾತ ಓಣಿಯಲ್ಲಿ ಬಗ್ಗಿ ಪೆಟ್ಟಿಗೆಯ ಕಾಲಿನ ಬಟ್ಟಲಿಗೆ ನೀರು ಹಾಕುತ್ತಿದ್ದಳು. ಕೈಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕರೆ, ಬೆರಳಲ್ಲಿ ಸುಣ್ಣ. ಫೋನು ಎತ್ತಿದೆ. "ಅಯ್ಯೋ, ತಲೆನೂ ಬಾಚಿಲ್ಲ, ಬ್ಯಾಡ ತಗೀರಿ ಅತ್ಲಾಗೆ" ಎಂದು ಅಂಗೈ ಅಡ್ಡ ಹಿಡಿದಳು. ಕೈ ಇಳಿಯಲಿ ಎಂದು ನಾನು ಕಾಯಲಿಲ್ಲ.