ಅವ್ವ ತರಗತಿಗೆ ನುಗ್ಗಿದ ದಿನ

ನಿನ್ನೆ ಸಂಜೆ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. "ಅವ್ವಾ, ಬರ್ಸ್ಟ್ ಇಂಟು ಟಿಯರ್ಸ್ ಅಂದ್ರ ಒಮ್ಮಿಲೇ ಅಳೋದಂತ, ಬರ್ಸ್ಟ್ ಇಂಟು ದಿ ರೂಮ್ ಅಂದ್ರ ಒಳಗ ನುಗ್ಗೋದಂತ. ಎರಡಕ್ಕೂ ಒಂದ ಮಾತ ಹೆಂಗ?"

ಉತ್ತರ ಹೇಳುವ ಮೊದಲೇ ನನಗೆ ಮೈ ಉರಿಯಿತು. ಕೂಸಿನ ಮೇಲೆಂದು ತಿಳಿಯಬೇಡಿ. ಬಹಳ ವರ್ಷದ ಸಿಟ್ಟು ಅದು.

ಹುಕ್ಕೇರಿಯಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಸರ್ ಇದೇ ಮಾತನ್ನು ಹಲಗೆಯ ಮೇಲೆ ಬರೆದು ವಾಕ್ಯ ಕೇಳಿದ್ದರು. ನಾನು ಕೈ ಎತ್ತಿದೆ.

"ಕುರಿ ಕಾಯೋರಿಗೆ ಇಂಗ್ಲಿಷ್ ಯಾಕಬೇಕ? ಹೋಗಿ ವರಾಂಡಾ ಕಸಾ ಹೊಡಿ" ಎಂದರು. ತರಗತಿಗೆ ತರಗತಿಯೇ ನಕ್ಕಿತು. ಕಸಬರಿಗೆ ದಿನವೂ ನನ್ನ ಕೈಗೇ ಬರುತ್ತಿತ್ತು. ಚೆನ್ನಾಗಿ ಗುಡಿಸಿದರೆ ಸರ್ ಮೆಚ್ಚಿಯಾರೆಂದು ಮೂಲೆ ಮೂಲೆ ಕೆರೆದು ಗುಡಿಸುತ್ತಿದ್ದ ಬೆಪ್ಪಿ ನಾನು!

ವಾಕ್ಯ ಕೇಳಿದ ಆ ದಿನ ಸಂತೆ. ಕಂಬಳಿ ಮಾರಲು ಬಂದಿದ್ದ ಅವ್ವ ನನ್ನನ್ನು ನೋಡಿ ಹೋಗಲು ಶಾಲೆಗೆ ಬಂದಳು. ಒಳಗೆ ಪಾಠ ನಡೆದಿದೆ, ಮಗಳು ಹೊರಗೆ ಗುಡಿಸುತ್ತಿದ್ದಾಳೆ. ಒಂದು ಮಾತೂ ಕೇಳದೆ ಕಸಬರಿಗೆ ಕಸಿದುಕೊಂಡು ತರಗತಿಗೆ ನುಗ್ಗಿದಳು. ಅದನ್ನು ಸರ್ ಮೇಜಿನ ಮೇಲೆ ಒಗೆದು,

"ಮಾಸ್ತರ, ಕಸಾ ಹೊಡಿಯಾಕ ನಮ್ಮ ಮನ್ಯಾಗೂ ಅಂಗಳ ಐತ್ರಿ. ಸಾಲಿಗಿ ಕಳಿಸಿದ್ದು ಕಲೀಲಿ ಅಂತ. ಕಲಸ್ತೀರೋ ಇಲ್ಲೋ, ಈಗ ಹೇಳ್ರಿ!" ಎಂದಳು.

 ಮತ್ತೆಂದೂ ಕಸಬರಿಗೆ ನನ್ನ ಕೈಗೆ ಬರಲಿಲ್ಲ.

ಇಷ್ಟೇ ಆಗಿದ್ದರೆ ಈ ಸಿಟ್ಟು ಎಂದೋ ಆರುತ್ತಿತ್ತು. ಗೇಟಿನವರೆಗೆ ಅವ್ವನ ಜೊತೆ ಹೋದ ನಾನು ಹೇಳಿದ್ದೇನು ಗೊತ್ತೆ? "ಇನ್ನೊಮ್ಮಿ ಸಾಲಿಗಿ ಬರಬ್ಯಾಡ. ಎಲ್ಲಾರೂ ನಗ್ತಾರ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಆತವಾ" ಎಂದು ಸಂತೆಯತ್ತ ನಡೆದಳು. ನಾನು ಹತ್ತನೆಯದು ಪಾಸಾದ ದಿನವೂ ಒಳಗೆ ಬರಲಿಲ್ಲ. ಬಿಸಿಲಲ್ಲಿ ರಸ್ತೆಯಾಚೆ ನಿಂತಿದ್ದಳು. ನೋಡಿಯೂ ನಾನು ಕರೆಯಲಿಲ್ಲ. ಆ ಸರ್ ಮೇಲಿನ ಸಿಟ್ಟನ್ನು ಯಾರ ಮುಂದೆ ಬೇಕಾದರೂ ಹೇಳಿಕೊಂಡೇನು; ನನ್ನ ಮೇಲಿನದನ್ನು ಇಷ್ಟು ದಿನ ನುಂಗಿಕೊಂಡೇ ಇದ್ದೆ.

ನಿನ್ನೆ ಮಗಳಿಗೆ ಎಲ್ಲವನ್ನೂ ಹೇಳಿದೆ, ಕರೆಯದೆ ನಿಂತದ್ದನ್ನೂ. ಆಕೆ ಪುಸ್ತಕ ಮುಚ್ಚಿದಳು. "ಶನಿವಾರ ನಮ್ಮ ಸಾಲ್ಯಾಗ ಪಾಲಕರ ಸಭಾ ಐತಿ. ಈ ಸಲ ನೀ ಬರಬ್ಯಾಡ. ಆಯೀನ ಕಳಸ, ನಿಮ್ಮವ್ವನ್ನ."

ಅಲ್ಲೇ ಅವ್ವನಿಗೆ ಫೋನು ಹಚ್ಚಿದೆ. ಘಟಪ್ರಭಾಕ್ಕೆ ನಮ್ಮ ಮನೆಗೆ ಬಾ, ಮೊಮ್ಮಗಳ ಶಾಲೆಗೆ ಹೋಗಬೇಕು ಎಂದೆ. 

"ಒಳಗ ಬರಬೇಕೇನವಾ, ಹೊರಗ ನಿಂತ್ರ ನಡೀತೈತ್ಯಾ?"

"ಒಳಗ ಬಾ!" ಎಂದು ಒದರಿಬಿಟ್ಟೆ. ಸಿಟ್ಟು ಯಾರ ಮೇಲೆಂದು ಅವ್ವ ಕೇಳಲಿಲ್ಲ.