ಪಿಸುಮಾತಿನಲ್ಲಿ ಕರೆದ ಹೆಸರುಗಳು

ಮೊನ್ನೆಯ ಬಿರುಗಾಳಿಗೆ, ಈ ಪರದೇಶದಲ್ಲಿ ನಾವಿರುವ ಊರು ಸಮಾಮಿಶ್‌ನಲ್ಲಿ ಮರಗಳು ಉರುಳಿ ಕರೆಂಟ್ ಹೋಗಿತ್ತು. ಬೆಳಗ್ಗೆ ಕಾಫಿ ಹೊತ್ತಿಗೆ ದೀಪಗಳು ಮತ್ತೆ ಹತ್ತಿಕೊಂಡವು. ಅಡುಗೆಮನೆ ಕಟ್ಟೆಯ ಮೇಲಿದ್ದ ಮೇಣದಬತ್ತಿಯನ್ನು ಊದಿ ಆರಿಸಿದೆ. ಬತ್ತಿಯ ಹೊಗೆ ಮೂಗಿಗೆ ಬಡಿದದ್ದೇ ತಡ, ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಆ ವಾಸನೆಗೆ ಬೇರೆಯವರಿಗೆ ಹುಟ್ಟುಹಬ್ಬ, ಕೇಕು ನೆನಪಾಗುತ್ತದೇನೋ. ನನಗೆ ರಕ್ತ ನೆನಪಾಗುತ್ತದೆ. ಆಮೇಲೆ ನಮ್ಮ ಟೀಚರ್…

ವರ್ಕ್ ಪರ್ಮಿಟ್ ಬಂದ ವರ್ಷ ನಾನು ಇಲ್ಲಿನ ಒಂದು ಮಾಂಟೆಸ್ಸರಿ ಶಾಲೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ಟೀಚರ್ ಮೈಸೂರಿನವರು, ನನ್ನ ತಾಯಿಯ ವಯಸ್ಸು. ನಾನು ಮಂಡ್ಯ ಕಡೆಯವಳು. ನಮ್ಮ ಮನೆಯಲ್ಲಿ ಪ್ರೀತಿ, ಜಗಳ ಎರಡೂ ಬೀದಿಯ ತುದಿಗೆ ಕೇಳಿಸುತ್ತಿದ್ದವು. ಮೊದಲ ವಾರವೇ, ಗಾಜಿನ ಹೂಜಿಯಲ್ಲಿ ನೀರು ಹೊತ್ತು ಹೊರಟ ಮಗುವಿಗೆ "ಹುಷಾರು" ಎಂದು ಕೂಗಿದೆ. ಮಗು ಬೆಚ್ಚಿತು, ಹೂಜಿ ಚೂರಾಯಿತು. ಟೀಚರ್ ಕೋಣೆ ದಾಟಿ ನನ್ನ ಬಳಿ ಬಂದು ಮೆಲ್ಲಗೆ, "ಅವಳಿಂದ ಒಡೀಲಿಲ್ಲ ಕಣೇ, ನಿನ್ನ ಬಾಯಿಂದ ಒಡೀತು" ಎಂದರು. ಮಗುವಿನ ಕೈಗೆ ಪೊರಕೆ ಕೊಟ್ಟು, ಚೂರು ಗುಡಿಸುವುದು ಹೇಗೆಂದು ತೋರಿಸತೊಡಗಿದರು.

ಅವರ ತರಗತಿಯಲ್ಲಿ ಯಾರೂ ದೂರದಿಂದ ಕರೆಯುವಂತಿರಲಿಲ್ಲ. ಮಗುವಿನ ಹತ್ತಿರ ಹೋಗಿ, ಮಂಡಿಯೂರಿ ಮಾತಾಡಬೇಕು. ಆಗಾಗ ಮೌನದ ಆಟವೂ ಇರುತ್ತಿತ್ತು. ಟೀಚರ್ ಅಂಗೈ ಎತ್ತಿದರೆ ಎಲ್ಲರೂ ಗಪ್‌ಚಿಪ್. ಅವರು ತೋಟದ ಬಾಗಿಲ ಆಚೆ ನಿಂತು ಒಂದೊಂದೇ ಹೆಸರು ಪಿಸುಗುಡುತ್ತಿದ್ದರು. ಹೆಸರು ಕೇಳಿಸಿಕೊಂಡ ಮಗು ಸದ್ದಿಲ್ಲದೆ ಎದ್ದು ಅವರ ಬಳಿ ಹೋಗಬೇಕು. ಮೊದಮೊದಲು ನನಗೆ ನಗು ಬರುತ್ತಿತ್ತು. ಚಿಳ್ಳೆಪಿಳ್ಳೆಗಳು ಉಸಿರು ಬಿಗಿಹಿಡಿದು ತಮ್ಮ ಹೆಸರಿಗೆ ಕಾಯುವುದನ್ನು ಕಂಡ ಮೇಲೆ ನಗು ನಿಂತಿತು.

ನಮ್ಮಲ್ಲಿ ಒಬ್ಬಳು ಕನ್ನಡದ ಹುಡುಗಿ ಇದ್ದಳು. ಅವಳ ಅಪ್ಪ ಓವರ್‌ಲೇಕ್‌ನ ಒಂದು ಕಂಪನಿಯಲ್ಲಿ ಎಂಜಿನಿಯರ್, ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ ಊಟಗಳಲ್ಲಿ ಎಲ್ಲರ ತಟ್ಟೆಗೂ ಓಡಾಡಿ ಬಡಿಸುವ ನಗುಮುಖದವನು. ಆ ಕೈ ಮನೆಯಲ್ಲಿ ಏನು ಮಾಡುತ್ತಿತ್ತು ಎಂಬುದರ ಗುರುತು ಹೆಂಡತಿಯ ಕುತ್ತಿಗೆಯ ಮೇಲಿತ್ತು. ಒಂದು ದಿನ ಅವಳು ಮಗಳನ್ನು ಕರೆದುಕೊಂಡು ಟಕ್ವಿಲಾದ ಒಂದು ಪುಟ್ಟ ಅಪಾರ್ಟ್‌ಮೆಂಟಿಗೆ ಹೋಗಿಬಿಟ್ಟಳು. ಅಷ್ಟು ದೂರದಿಂದ ದಿನವೂ ಮಗಳನ್ನು ತಂದು ಬಿಡುತ್ತಿದ್ದಳು. "ಸ್ಕೂಲೊಂದಾದ್ರೂ ಅವಳಿಗೆ ಹಾಗೇ ಇರ್ಲಿ ಟೀಚರ್" ಎಂದಿದ್ದಳು. ಅವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಮಗಳನ್ನು ಎತ್ತಿಕೊಂಡು ಇಂಡಿಯಾಕ್ಕೆ ಹೋಗ್ತೀನಿ, ಹೇಗೆ ತಡೀತೀಯೋ ನೋಡ್ತೀನಿ. ಅವನನ್ನು ಒಳಗೆ ಬಿಡಬಾರದೆಂದು ಶಾಲೆಯಲ್ಲಿ ನಮಗೆಲ್ಲ ಹೇಳಿದ್ದರು. ನಮ್ಮವರು ಮಾತ್ರ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಗಾದೆ ಹೇಳಿಕೊಂಡು ಓಡಾಡಿದರು. ಆ ಗಾದೆ ಕಟ್ಟಿದವನ ಬಾಯಿಗೆ ಮಣ್ಣು ಹಾಕ.

ಹುಡುಗಿಗೆ ನಾಲ್ಕು ತುಂಬಿದ ದಿನ ಬಂತು. ಮಾಂಟೆಸ್ಸರಿಯಲ್ಲಿ ಹುಟ್ಟುಹಬ್ಬಕ್ಕೆ ಒಂದು ಪದ್ಧತಿ ಇದೆ. ಮಕ್ಕಳೆಲ್ಲ ದುಂಡಗೆ ಕೂರುತ್ತಾರೆ, ನಡುವೆ ಸೂರ್ಯನೆಂದು ಒಂದು ಮೇಣದಬತ್ತಿ. ಹುಟ್ಟುಹಬ್ಬದ ಮಗು ಪುಟ್ಟ ಭೂಗೋಳವನ್ನು ಎರಡೂ ಕೈಯಲ್ಲಿ ಹಿಡಿದು, ವರ್ಷಕ್ಕೊಂದರಂತೆ ಸೂರ್ಯನಿಗೆ ಸುತ್ತು ಬರುತ್ತದೆ. ಒಂದೊಂದು ಸುತ್ತಿಗೂ ಹೆತ್ತವರು ಆ ವರ್ಷದ ಕತೆ ಹೇಳಬೇಕು. ಅವಳ ಅಮ್ಮ ಬಂದು ಕೂತಿದ್ದಳು. ಬತ್ತಿ ಹಚ್ಚುವ ಹೊತ್ತಿಗೆ ರಸ್ತೆ ಕಡೆಯ ಗಾಜಿನ ಬಾಗಿಲ ಆಚೆ ಅವನು ನಿಂತಿದ್ದ. ಜಿನುಗು ಮಳೆ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬ, ಕೊಬ್ಬರಿ ಮಿಠಾಯಿ.

"ಒಂದ್ ಸಲ ನೋಡ್ಕೊಂಡು ಹೋಗ್ತೀನಿ ಟೀಚರ್. ಮಗಳ ಬರ್ತ್‌ಡೇ ಅಲ್ವಾ?"

"ಬೇಡ ಟೀಚರ್" ಎಂದು ನಾನು ಅವರ ಸೆರಗು ಹಿಡಿದೆ. ಅವರು ಅಮ್ಮನ ಕಡೆ ನೋಡಿದರು. ಅಮ್ಮ ತಲೆ ತಗ್ಗಿಸಿದಳು. ಆ ತಗ್ಗಿಸಿದ ತಲೆಯನ್ನು ಟೀಚರ್ ಒಪ್ಪಿಗೆ ಎಂದುಕೊಂಡರು. ಬೇರೆ ಯಾವ ಟೀಚರ್ ಆಗಿದ್ದರೂ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಸಿಹಿ ಹಿಡಿದು ಬಂದವನನ್ನು ಹೊಸ್ತಿಲಾಚೆ ಮಳೆಯಲ್ಲಿ ನಿಲ್ಲಿಸಬಾರದು ಎಂಬ ಬುದ್ಧಿ ನಮ್ಮವರಿಗೆ ಮಾತ್ರ ಬರುತ್ತದೆ. ಬಾಗಿಲು ತೆಗೆದರು. ಇವತ್ತಿಗೂ ನನಗೆ ಅವರ ಮೇಲೆ ಆ ಸಿಟ್ಟಿದೆ.

ಮೂರು ಸುತ್ತು ನೆಟ್ಟಗೆ ನಡೆಯಿತು. ಹುಟ್ಟಿದ್ದು, ಮೊದಲ ಹೆಜ್ಜೆ ಇಟ್ಟದ್ದು, ಮಾತು ಕಲಿತದ್ದು… ಅವನೂ ನಗುತ್ತ ಕೇಳಿದ. ನಾಲ್ಕನೆಯ ಸುತ್ತಿಗೆ ಅಮ್ಮ ಮಕ್ಕಳಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲಿ, ಈ ವರ್ಷ ನಾವು ಹೊಸ ಮನೆಗೆ ಹೋದೆವು, ನಾವಿಬ್ಬರೇ, ಎಂದಳು.

ಡಬ್ಬ ಅವಳ ಮುಖಕ್ಕೆ ಬಡಿಯಿತು. ಹಣೆ ಸೀಳಿ ರಕ್ತ ಕಣ್ಣಿಗಿಳಿಯಿತು, ಮಿಠಾಯಿ ಮಕ್ಕಳ ಮಡಿಲಿಗೆಲ್ಲ ಚೆಲ್ಲಾಡಿತು. "ನಾವಿಬ್ರೇನಾ? ನಾನ್ ಸತ್ತಿದೀನಾ?" ಎನ್ನುತ್ತ ಅವಳ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಗುದ್ದಿದ. ಅವಳು ಅಲ್ಲೇ ಪ್ರಜ್ಞೆ ತಪ್ಪಿದಳು. ಮಕ್ಕಳ ಮಧ್ಯೆ ಬೆಂಕಿ ಉರುಳೀತೆಂದು ನಾನು ಮೊದಲು ಬತ್ತಿ ಆರಿಸಿದೆ. ತಲೆಯೆತ್ತುವಷ್ಟರಲ್ಲಿ ಅವನು ಕಪಾಟಿನಿಂದ ಮಕ್ಕಳು ಮೆಟ್ಟಿಲಿನಂತೆ ಜೋಡಿಸುವ ಕಂದು ಮರದ ತುಂಡುಗಳಲ್ಲಿ ಅತಿ ದಪ್ಪನೆಯದನ್ನು ಎತ್ತಿಕೊಂಡಿದ್ದ. ಟೀಚರ್ ನಡುವೆ ತೋಳು ಒಡ್ಡಿದರು. ಕಬ್ಬು ಮುರಿದಂಥ ಸದ್ದು ಬಂತು. ಎರಡನೆಯ ಏಟು ದವಡೆಗೆ. ಅವರು ಬಿದ್ದರು, ಬಿದ್ದಲ್ಲಿಂದಲೇ ಇನ್ನೊಂದು ಕೈಯಲ್ಲಿ ಅವನ ಕಾಲನ್ನು ಬಳಸಿ ಹಿಡಿದರು.

"ಬಿಡ್ರೀ, ಬಿಡ್ರೀ" ಎಂದು ಪಕ್ಕೆಗೆ ಒದೆಯುತ್ತಿದ್ದ. ಟೀಚರ್ ಕಣ್ಣಲ್ಲೇ ನನಗೆ ತೋಟದ ಬಾಗಿಲು ತೋರಿಸಿದರು. ನಾನು ಓಡಿ ತೆಗೆದು ಹೊಸ್ತಿಲಾಚೆ ಮಂಡಿಯೂರಿದೆ. ಆಗ ಅವರು ಮುರಿದ ತೋಳಿನ ಅಂಗೈಯನ್ನು ನೆಲದಿಂದ ಒಂದಿಷ್ಟು ಮೇಲೆತ್ತಿದರು. ಕಿರುಚುತ್ತಿದ್ದ ಮಕ್ಕಳು, ಈಗಲೂ ನನಗೆ ನಂಬಲಾಗುವುದಿಲ್ಲ, ಗಪ್ಪಾದರು. ರಕ್ತ ತುಂಬಿದ ಬಾಯಿಂದ ಮೊದಲ ಹೆಸರು ಪಿಸುಗುಟ್ಟಿದರು. ಒಂದು ಮಗು ಎದ್ದು, ತುದಿಗಾಲಲ್ಲಿ ಮಿಠಾಯಿ ತುಳಿಯದೆ ನಡೆದು ನನ್ನ ತೋಳಿಗೆ ಬಂತು. ಮತ್ತೊಂದು ಹೆಸರು, ಒಂದು ಒದೆ, ಮತ್ತೊಂದು ಹೆಸರು… ಯಾರನ್ನೂ ಬಿಡಲಿಲ್ಲ.

ಕೊನೆಗೆ ಅವಳೊಬ್ಬಳು ಉಳಿದಳು. ಆರಿದ ಬತ್ತಿಯ ಪಕ್ಕ, ಭೂಗೋಳ ಹಿಡಿದುಕೊಂಡು.

"ಚಿನ್ನು, ಬಾ ಇಲ್ಲಿ. ಅಪ್ಪನ್ ಹತ್ರ ಬಾ" ಎಂದು ಅವನು ಕೈ ಚಾಚಿ ಅರಚಿದ. ಆ ಕೈಗೆ ಅವಳು ಒಂದೇ ಹೆಜ್ಜೆ ದೂರ. ಕೆಳಗಿನಿಂದ ಟೀಚರ್ ಅವಳ ಹೆಸರು ಪಿಸುಗುಟ್ಟಿದರು. ಅರ್ಧ ಮಾತ್ರ ಹೊರಬಂತು.

ಹುಡುಗಿ ಅಪ್ಪನ ಮುಖ ನೋಡಿದಳು. "ಅಪ್ಪಾ, ಇಟ್ಸ್ ದ ಸೈಲೆನ್ಸ್ ಗೇಮ್. ಯೂ ಹ್ಯಾವ್ ಟು ವಿಸ್ಪರ್" ಎಂದಳು. ಭೂಗೋಳ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು, ಟೀಚರ್ ಕಲಿಸಿದಂತೆಯೇ ನಡೆದು ನನ್ನ ಬಳಿ ಬಂದಳು. ನಾನು ಹೊರಗಿನಿಂದ ಬಾಗಿಲು ಹಾಕಿದೆ.

ಶಾಲೆಯ ಆಫೀಸಿನವರು ಕರೆಸಿದ್ದ ಪೊಲೀಸರು ಬಂದು ಅವನನ್ನು ಒಯ್ದರು. ಅಮ್ಮ ಹೊಲಿಗೆ ಹಾಕಿಸಿಕೊಂಡು ಬದುಕಿದಳು. ಮಗಳು ಅವಳ ಬಳಿಯೇ ಉಳಿದಳು. ಡಾಕ್ಟರು ಟೀಚರ್ ದವಡೆಗೆ ತಂತಿ ಕಟ್ಟಿದರು. ಬಿಚ್ಚಿದ ಮೇಲೆ ಮೆಲ್ಲಗೆ ಆಡಿದ ಮಾತು ಕಲಸಿಹೋಗುತ್ತಿತ್ತು, ಗಂಟಲು ಏರಿಸಿದರಷ್ಟೇ ಅರ್ಥವಾಗುತ್ತಿತ್ತು. ಕೂಗುವ ಟೀಚರ್ ಮಕ್ಕಳಿಗೆ ಬೇಡವೆಂದು ಶಾಲೆ ಬಿಟ್ಟರು. ಒಮ್ಮೆ ತಮ್ಮ ಮಗಳ ಮನೆಯಲ್ಲಿದ್ದ ಅವರನ್ನು ನೋಡಲು ಹೋದಾಗ ತಡೆಯಲಾರದೆ ಬೈದೆ. "ಯಾಕ್ ತೆಗೆದ್ರಿ ಬಾಗಿಲು? ಹೇಳ್ದೆ ತಾನೇ ನಾನು?"

"ಡಬ್ಬ ಹಿಡ್ಕೊಂಡು ನೆನೀತಿದ್ದ ಕಣೇ" ಎಂದರು, ಜೋರಾಗಿ. ಆ ಜೋರು ದನಿಗೆ ಅವರೇ ಬೆಚ್ಚಿದರು. ಕಣ್ಣು ಒರೆಸಿಕೊಂಡರು. ನಾನೂ ಅತ್ತೆ.

ಹೋದ ತಿಂಗಳು ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಆ ಹುಡುಗಿಯೂ ಬಂದಿದ್ದಳು, ಈಗ ನನಗಿಂತ ಎತ್ತರ. ನನ್ನ ಕೈ ಹಿಡಿದುಕೊಂಡಳು.

ಆಟದಲ್ಲಿ ಕರೆಯುವವರು ಬಾಗಿಲ ಆಚೆ ಇರಬೇಕು. ಅವತ್ತು ಕರೆಯುವವರೇ ಒಳಗೆ ಉಳಿದುಬಿಟ್ಟರು. ಅವರನ್ನು ಹೊರಗೆ ಕರೆಯಲು ಯಾರೂ ಇರಲಿಲ್ಲ. ನನ್ನ ತೋಳಿನ ತುಂಬ ಅವರು ಕಳಿಸಿದ ಮಕ್ಕಳಿದ್ದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಆ ಬೆಳಗ್ಗೆ, ಊದಿ ಆರಿಸಿದ ಬತ್ತಿಯ ಹೊಗೆ ಇನ್ನೂ ಮೇಲೇಳುತ್ತಿದ್ದಾಗ, ಲೋಟ ಕೆಳಗಿಟ್ಟು ಅಂಗೈ ಎತ್ತಿದೆ. ಅವರ ಹೆಸರನ್ನು ಪಿಸುಗುಟ್ಟಿದೆ. ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಟೀಚರ್ ಬರಲಿಲ್ಲ.